ಕಪ್ಪೆಯ ಋಣ

‘ಇದರಿಂದ ಏನು ಉಪಯೋಗ?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು. ಸಂಗೀತ ಕಲಿಯುತ್ತೇನೆಂದರೆ ಏನು ಉಪಯೋಗ, ಮದುವೆಯಾದ ಮೇಲೆ ಹಾಡುವುದಕ್ಕೆ ಪುರುಸೊತ್ತು ಎಲ್ಲಿರುತ್ತದೆ? ಎಂ.ಎ. ಮಾಡುತ್ತೇನೆಂದರೆ ಏನು ಉಪಯೋಗ, ಸಾರಿಗೆ ಒಗ್ಗರಣೆ ಹಾಕಲು ಎಂ.ಎ. ಬೇಕೆ? ಮಧ್ಯಾಹ್ನದ ಹೊತ್ತು ಒಂದು ಪುಸ್ತಕ ಹಿಡಿದು ಕೂತರೂ ಈ ಪ್ರಶ್ನೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕೇಳುವವರು ಗಂಡಸರು ಮಾತ್ರ ಎಂದುಕೊಳ್ಳಬೇಡಿ. ತಾಯಿ ಮಗಳನ್ನು ಕೇಳುತ್ತಾಳೆ, ಅತ್ತೆ ಸೊಸೆಯನ್ನು ಕೇಳುತ್ತಾಳೆ, ಅಕ್ಕ ತಂಗಿಯನ್ನು ಕೇಳುತ್ತಾಳೆ. ನಮ್ಮನ್ನು ಯಾರೋ ಕೇಳಿದ್ದನ್ನು ನಾವು ಮುಂದಿನವರಿಗೆ ದಾಟಿಸುತ್ತ ಬಂದಿದ್ದೇವೆ.

ಪ್ರಶ್ನೆ ಕೆಟ್ಟದ್ದೇನಲ್ಲ. ತಿಂಗಳ ಕೊನೆಯ ವಾರವನ್ನು ಹೇಗೋ ಸರಿದೂಗಿಸುವವಳು ಪ್ರತಿ ರೂಪಾಯಿಗೂ ಪ್ರತಿ ಗಳಿಗೆಗೂ ಉಪಯೋಗ ಕೇಳಲೇಬೇಕಾಗುತ್ತದೆ. ಆದರೆ ಒಂದು ಕೆಲಸ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಇದೊಂದೇ ಪ್ರಶ್ನೆ ಸಾಕೆ? ಈಚೆಗೆ ನಮ್ಮ ಮನೆಯಲ್ಲೇ ನಡೆದ ಒಂದು ಮಾತುಕತೆಯಿಂದ ನಾನು ಇದನ್ನು ಸ್ವಲ್ಪ ಹೆಚ್ಚಾಗಿಯೇ ಯೋಚಿಸುತ್ತಿದ್ದೇನೆ.

ನನ್ನ ತಂಗಿಯ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಬೇಕೆಂದಿದ್ದಳು. ಅವಳು ಆರಿಸಿಕೊಂಡದ್ದು ಅಳಿವೆಯ ಏಡಿಗಳನ್ನು. ಹೊಳೆ ಸಮುದ್ರ ಸೇರುವ ಕಡೆ ನೀರು ಒಂದು ಹೊತ್ತು ಉಪ್ಪು, ಇನ್ನೊಂದು ಹೊತ್ತು ಸಿಹಿ. ಅಂಥ ನೀರಿನಲ್ಲಿ ಏಡಿ ತನ್ನ ಮೈಯ ಉಪ್ಪನ್ನು ಕಳೆದುಕೊಳ್ಳದೆ ಹೇಗೆ ಕಾಪಾಡಿಕೊಳ್ಳುತ್ತದೆ, ಅದರ ಕಿವಿರಿನಲ್ಲಿ ಏನು ನಡೆಯುತ್ತದೆ ಎಂಬುದು ಅವಳ ವಿಷಯ. ಅವಳ ಅಪ್ಪ ಒಳ್ಳೆಯ ಮನುಷ್ಯ, ಮಗಳನ್ನು ಓದಿಸಲು ಎಂದೂ ಹಿಂದೆಗೆದವರಲ್ಲ. ಆದರೆ ಇದನ್ನು ಕೇಳಿ ಅವರೂ ಕಂಗಾಲಾದರು. “ಏಡಿ ಉಪ್ಪು ಉಳಿಸಿಕೊಂಡರೆಷ್ಟು ಬಿಟ್ಟರೆಷ್ಟು? ಐದು ವರ್ಷ ಅದಕ್ಕೆ ಸುರಿಯಬೇಕಾ? ಬಿ.ಎಡ್. ಮಾಡಮ್ಮಾ” ಎಂದರು. ತಂಗಿ ಫೋನು ಮಾಡಿ, “ಅಕ್ಕಾ, ನೀನು ಬಿ.ಎಸ್ಸಿ. ಓದಿದವಳು, ನಿನ್ನ ಮಾತು ಕೇಳ್ತಾಳೆ, ಬುದ್ಧಿ ಹೇಳು” ಎಂದಳು.

ಹುಡುಗಿ ಬಂದಳು. ಅಪ್ಪನ ಮಾತು ಅವಳನ್ನು ಅಷ್ಟಾಗಿ ಕಾಡಿರಲಿಲ್ಲ. ಅವಳನ್ನು ಕಾಡುತ್ತಿದ್ದುದು ಬೇರೆ. “ದೊಡ್ಡಮ್ಮಾ, ಈ ಕೆಲಸದಲ್ಲಿ ಏಡಿಗಳನ್ನು ಕೊಲ್ಲಬೇಕಾಗುತ್ತೆ. ಒಂದೆರಡಲ್ಲ. ನನ್ನ ಕುತೂಹಲಕ್ಕೆ ಅವುಗಳ ಜೀವ ತೆಗೀಬಹುದಾ?” ಎಂದು ಕೇಳಿದಳು.

ಅಪ್ಪ ಕೇಳಿದ್ದು ‘ಏನು ಉಪಯೋಗ?’ ಎಂದು. ಮಗಳು ಕೇಳಿದ್ದು ‘ಯಾರ ಖರ್ಚಿನಲ್ಲಿ?’ ಎಂದು. ಎರಡಕ್ಕೂ ಒಂದೇ ಕಥೆಯಲ್ಲಿ ಉತ್ತರ ಸಿಕ್ಕೀತೆಂದು ನನಗೆ ತೋರಿತು. ಅದು ಡೆನ್ಮಾರ್ಕಿನ ಒಬ್ಬ ಶರೀರಶಾಸ್ತ್ರಜ್ಞನ ಕಥೆ. ಹೆಸರು ಹಾನ್ಸ್ ಉಸ್ಸಿಂಗ್. 1911ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡ ಈತ ತನ್ನ ಬದುಕಿನ ಬಹುಭಾಗವನ್ನು ಕಳೆದದ್ದು ಕಪ್ಪೆಯ ಚರ್ಮದ ಮೂಲಕ ಉಪ್ಪು ಹೇಗೆ ಹಾದುಹೋಗುತ್ತದೆ ಎಂದು ನೋಡುವುದರಲ್ಲಿ.

ನೀವೂ ನಗುತ್ತೀರಿ, ಗೊತ್ತು. ನಮ್ಮಲ್ಲಿ ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುತ್ತಾರೆ, ಅದಕ್ಕಾದರೂ ಒಂದು ಉದ್ದೇಶವಿದೆ. ಕಪ್ಪೆಯ ಚರ್ಮಕ್ಕೆ ಒಂದು ಜೀವಮಾನ ಕೊಡುವುದೆಂದರೇನು?

ಆದರೆ ಆ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಪ್ಪೆಯ ರಕ್ತ ಉಪ್ಪು. ಅದು ಕೂತಿರುವ ಕೆರೆಯ ನೀರು ಸಪ್ಪೆ. ಉಪ್ಪು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡಿಕೊಳ್ಳುವುದು ಲೋಕದ ನಿಯಮ. ಉಪ್ಪಿನ ಹರಳನ್ನು ಸಾರಿಗೆ ಹಾಕಿದರೆ ಅದು ಒಂದೇ ಮೂಲೆಯಲ್ಲಿ ಕೂರುವುದಿಲ್ಲ. ಆ ಲೆಕ್ಕದಲ್ಲಿ ಕಪ್ಪೆಯ ಮೈಯ ಉಪ್ಪೆಲ್ಲ ಕೆರೆಗೆ ಸೋರಿಹೋಗಿ ಅದು ಸಾಯಬೇಕು. ಸಾಯುವುದಿಲ್ಲ. ಬದಲಿಗೆ ಅದರ ಚರ್ಮ ಸಪ್ಪೆ ನೀರಿನಿಂದಲೇ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದನ್ನು 1930ರ ದಶಕದಲ್ಲಿ ತೋರಿಸಿದವರು ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್, 1920ರಲ್ಲಿ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ. ಕಪ್ಪೆಯ ಚರ್ಮದ ಒಳಮೈ ಹೊರಮೈಗಳ ನಡುವೆ ಸಣ್ಣದೊಂದು ವಿದ್ಯುತ್ತು ಇರುತ್ತದೆಂಬುದೂ 1848ರಷ್ಟು ಹಿಂದೆಯೇ ಗೊತ್ತಾಗಿತ್ತು. ಆದರೆ ಇದು ಹೇಗೆ ನಡೆಯುತ್ತದೆ, ಚರ್ಮ ನಿಜವಾಗಿಯೂ ದುಡಿಯುತ್ತಿದೆಯೋ ಅಥವಾ ನಮ್ಮ ಕಣ್ಣಿಗೆ ಹಾಗೆ ಕಾಣುತ್ತಿದೆಯೋ ಎಂಬುದು ಇತ್ಯರ್ಥವಾಗಿರಲಿಲ್ಲ.

ಉಸ್ಸಿಂಗ್ ಕ್ರೋಗರ ಪ್ರಯೋಗಾಲಯಕ್ಕೆ ಸೇರಿದ್ದು ಗ್ರೀನ್‌ಲ್ಯಾಂಡಿನ ಸಮುದ್ರದ ಸಣ್ಣ ಜೀವಿಗಳನ್ನು ಅಭ್ಯಾಸ ಮಾಡಿ ಬಂದ ಯುವಕನಾಗಿ. ಅದೇ ಊರಿನಲ್ಲಿ ಹೆವೆಶಿ ಎಂಬ ವಿಜ್ಞಾನಿ ಒಂದು ಹೊಸ ದಾರಿ ತೋರಿಸಿದ್ದರು. ವಿಕಿರಣ ಸೂಸುವ ಪರಮಾಣುಗಳನ್ನು ಗುರುತಿಗಾಗಿ ಬೆರೆಸಿ, ಅವು ಮೈಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಪತ್ತೆ ಹಚ್ಚುವ ದಾರಿ. ದನಗಳ ಮಂದೆಯಲ್ಲಿ ನಾಲ್ಕಕ್ಕೆ ಗಂಟೆ ಕಟ್ಟಿ ಬಿಟ್ಟರೆ ಮಂದೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲವೆ, ಹಾಗೆ. ಅಷ್ಟರಲ್ಲಿ ಯುದ್ಧ ಬಂತು, ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದರು. ಹೆವೆಶಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು, ಕ್ರೋಗರೂ ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಉಪ್ಪಿನ ಸಾಗಾಟದ ಪ್ರಶ್ನೆ ಉಸ್ಸಿಂಗರ ಕೈಗೆ ಬಂತು.

ಅವರು ಮಾಡಿದ ಉಪಕರಣ ಎಷ್ಟು ಸರಳವೆಂದರೆ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳಿಬಿಡಬಹುದು. ಎರಡು ಪುಟ್ಟ ಡಬ್ಬಿಗಳನ್ನು ಬಾಯಿಗೆ ಬಾಯಿ ಸೇರಿಸಿ ಇಟ್ಟು, ನಡುವೆ ಕಪ್ಪೆಯ ಚರ್ಮದ ತುಣುಕನ್ನು ಪರದೆಯಂತೆ ಬಿಗಿದರು. ಹಾಗೆ ತೆಗೆದ ಚರ್ಮ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಎರಡೂ ಕಡೆ ಒಂದೇ ಹದದ ಉಪ್ಪುನೀರು ತುಂಬಿದರು. ಚರ್ಮದ ಸ್ವಂತ ವಿದ್ಯುತ್ತನ್ನು ಹೊರಗಿನಿಂದ ವಿದ್ಯುತ್ತು ಹಾಯಿಸಿ ಸೊನ್ನೆಗೆ ತಂದರು. ಈಗ ಎರಡೂ ಕಡೆ ಎಲ್ಲವೂ ಸಮ. ಉಪ್ಪಿನಲ್ಲಿರುವ ಸೋಡಿಯಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಹೊರಗಿನ ಕಾರಣ ಒಂದೂ ಇಲ್ಲ. ಆದರೂ ಅದು ಹೊರಮೈಯಿಂದ ಒಳಮೈಗೆ ಹೋಗುತ್ತಲೇ ಇತ್ತು. ಗುರುತು ಹಾಕಿದ ಸೋಡಿಯಮ್ಮನ್ನು ಎಣಿಸಿ ನೋಡಿದರೆ, ಒಳಗೆ ಹೋದ ಸೋಡಿಯಂ ಎಷ್ಟೋ ಹರಿದ ವಿದ್ಯುತ್ತೂ ಅಷ್ಟೇ. 1951ರಲ್ಲಿ ಉಸ್ಸಿಂಗ್ ಮತ್ತು ಅವರ ಸಹೋದ್ಯೋಗಿ ಕಾರ್ಲ್ ಝೆರಾನ್ ಇದನ್ನು ಪ್ರಕಟಿಸಿದರು. ಚರ್ಮ ಸುಮ್ಮನೆ ಹೊದಿಕೆಯಾಗಿ ಕೂತಿಲ್ಲ, ಅದು ದುಡಿಯುತ್ತಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ಈ ಪ್ರಯೋಗ ನನಗೆ ಇಷ್ಟವಾಗುವುದಕ್ಕೆ ಒಂದು ಕಾರಣವಿದೆ. ಕಣ್ಣಿಗೆ ಕಾಣದೆ ಹಗಲೂ ರಾತ್ರಿ ನಡೆಯುವ ದುಡಿಮೆಯೊಂದನ್ನು ಒಬ್ಬ ಮನುಷ್ಯ ಅಳತೆ ಮಾಡಿ, ಇಗೋ ಇಷ್ಟು ಕೆಲಸ ನಡೆಯುತ್ತಿದೆ ಎಂದು ಲೋಕಕ್ಕೆ ತೋರಿಸಿದ. ಮನೆಯೊಳಗಿನ ದುಡಿಮೆಗೆ ಅಂಥ ಅಳತೆಗೋಲು ಇನ್ನೂ ಬಂದಿಲ್ಲ. ಒಂದು ದಿನ ನಾವು ಹಾಸಿಗೆ ಹಿಡಿದಾಗ ಮಾತ್ರ ಅದು ಲೆಕ್ಕಕ್ಕೆ ಸಿಗುತ್ತದೆ.

1958ರಲ್ಲಿ ಇನ್ನೊಂದು ಹೆಜ್ಜೆ. ಈ ಬಾರಿ ಉಸ್ಸಿಂಗರ ಜೊತೆಗಿದ್ದದ್ದು ವಾಲ್ಬೋರ್ಗ್ ಕೋಫೋಡ್-ಯೋನ್ಸೆನ್ ಎಂಬ ಮಹಿಳೆ. ಪ್ರಬಂಧದಲ್ಲಿ ಮೊದಲ ಹೆಸರು ಅವರದೇ. ಚರ್ಮದ ಜೀವಕೋಶಕ್ಕೆ ಎರಡು ಬಾಗಿಲುಗಳಿವೆ ಎಂದು ಅವರು ಹೇಳಿದರು. ಹೊರಗಿನ ಮುಂಬಾಗಿಲು ಸೋಡಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಹಿತ್ತಿಲ ಬಾಗಿಲಲ್ಲಿ ಒಂದು ಪಂಪು ಕೂತು ಬಂದ ಸೋಡಿಯಮ್ಮನ್ನು ರಕ್ತದ ಕಡೆಗೆ ತಳ್ಳುತ್ತದೆ, ಪ್ರತಿಯಾಗಿ ಪೊಟ್ಯಾಸಿಯಮ್ಮನ್ನು ಒಳಗೆ ತರುತ್ತದೆ. ಒಂದೇ ಕೋಶ, ಆದರೆ ಮುಂದಿನ ಬಾಗಿಲ ರೀತಿ ಬೇರೆ, ಹಿಂದಿನ ಬಾಗಿಲ ರೀತಿ ಬೇರೆ. ಕಪ್ಪೆಯ ಚರ್ಮದಲ್ಲಿ ಕಂಡ ಈ ಮನೆಯ ನಕ್ಷೆಯನ್ನು ಹಿಡಿದೇ ಮುಂದೆ ವಿಜ್ಞಾನಿಗಳು ನಮ್ಮ ಮೂತ್ರಪಿಂಡವನ್ನೂ ಕರುಳನ್ನೂ ಬೆವರಿನ ಗ್ರಂಥಿಯನ್ನೂ ಅರ್ಥಮಾಡಿಕೊಂಡರು. ಆ ಪಂಪನ್ನು 1957ರಲ್ಲಿ ಏಡಿಯ ನರದಲ್ಲಿ ಗುರುತಿಸಿದ ಇನ್ನೊಬ್ಬ ಡೇನಿಷ್ ವಿಜ್ಞಾನಿ ಯೆನ್ಸ್ ಸ್ಕೌ 40 ವರ್ಷಗಳ ನಂತರ, 1997ರಲ್ಲಿ, ನೊಬೆಲ್ ಪಡೆದರು. ಉಸ್ಸಿಂಗರಿಗೆ ನೊಬೆಲ್ ಬರಲಿಲ್ಲ. ಆ ಜೋಡಿ ಡಬ್ಬಿಗಳಿಗೆ ಮಾತ್ರ ‘ಉಸ್ಸಿಂಗ್ ಕೋಷ್ಠ’ ಎಂಬ ಹೆಸರು ಉಳಿಯಿತು. ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದಿಗೂ ಅವು ಬಳಕೆಯಲ್ಲಿವೆ.

ಈಗ ಅಪ್ಪನ ಪ್ರಶ್ನೆಗೆ ಬರೋಣ. 1951ರಲ್ಲಿ ಯಾರಾದರೂ ಉಸ್ಸಿಂಗರನ್ನು ‘ಏನು ಉಪಯೋಗ?’ ಎಂದು ಕೇಳಿದ್ದರೆ ಅವರ ಬಳಿ ಯಾವ ರೋಗದ ಹೆಸರೂ ಇರಲಿಲ್ಲ.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಕಾಲರಾ ಬಂದರೆ ಊರು ಊರೇ ಖಾಲಿಯಾಗುತ್ತಿತ್ತು. ವಾಂತಿಭೇದಿ ಎಂದರೆ ಸಾವು ಎಂದೇ ಅರ್ಥ. ಉಳಿಸಬೇಕಾದರೆ ರಕ್ತನಾಳಕ್ಕೆ ಸಲೈನು ಏರಿಸಬೇಕು. ಅದಕ್ಕೆ ಆಸ್ಪತ್ರೆ, ಸೂಜಿ, ಬಾಟಲಿ, ಏರಿಸಲು ಬಲ್ಲವರು ಎಲ್ಲ ಬೇಕು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಂದಲೇ ಕುಡಿಸಿ ಫಲ ಕಂಡು 1953ರಲ್ಲಿ ಬರೆದರು. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಏಕೆ ಹಾಗಾಗುತ್ತದೆ ಎಂಬುದಕ್ಕೆ ಆಗ ವಿವರಣೆ ಇರಲಿಲ್ಲ.

ವಿವರಣೆ ಬಂದದ್ದು ರೋಗಿಯ ಹಾಸಿಗೆಯ ಪಕ್ಕದಿಂದಲ್ಲ. 1960ರಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ರಾಬರ್ಟ್ ಕ್ರೇನ್ ಎಂಬವರು, ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಸೋಡಿಯಂ ಕೈಕೈ ಹಿಡಿದು ಒಟ್ಟಿಗೇ ಒಳಗೆ ಹೋಗುತ್ತವೆ ಎಂಬ ವಿಚಾರವನ್ನು ಮುಂದಿಟ್ಟರು. 1964ರಲ್ಲಿ ಅಮೆರಿಕದ ಶುಲ್ಟ್ಸ್ ಮತ್ತು ಝಲುಸ್ಕಿ ಮೊಲದ ಕರುಳಿನ ತುಣುಕನ್ನು ಉಸ್ಸಿಂಗರ ರೀತಿಯಲ್ಲೇ ಕೋಷ್ಠದಲ್ಲಿ ಕಟ್ಟಿ, ಗ್ಲೂಕೋಸ್ ಬೆರೆಸಿದೊಡನೆ ಸೋಡಿಯಂ ಸಾಗಾಟ ಹೆಚ್ಚುವುದನ್ನು ಅಳೆದು ತೋರಿಸಿದರು. ಕಾಲರಾದ ವಿಷ ಕರುಳಿನ ಗೋಡೆಯನ್ನು ಹರಿದುಹಾಕುವುದಿಲ್ಲ, ಉಪ್ಪುನೀರು ಹೊರಗೆ ಸುರಿಯುವ ಬಾಗಿಲೊಂದನ್ನು ತೆರೆದುಬಿಡುತ್ತದೆ ಅಷ್ಟೆ, ಸಕ್ಕರೆಯ ಜೊತೆ ಉಪ್ಪು ಒಳಗೆ ಬರುವ ಬಾಗಿಲು ಆಗಲೂ ಕೆಟ್ಟಿರುವುದಿಲ್ಲ ಎಂಬುದೂ ಸ್ಪಷ್ಟವಾಗುತ್ತ ಬಂತು. ಅಂದಮೇಲೆ ಬಾಯಿಂದಲೇ ಕುಡಿಸಬಹುದು! 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಇದನ್ನು ರೋಗಿಗಳಲ್ಲಿ ತೋರಿಸಿದರು.

ಮೂರು ವರ್ಷಕ್ಕೆ ಪರೀಕ್ಷೆಯ ಕಾಲ ಬಂತು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಲಕ್ಷ ಲಕ್ಷ. ಗಡಿಯ ಬನಗಾಂವ್‌ನಲ್ಲಿ ಕಾಲರಾ. ಡಾ. ದಿಲೀಪ್ ಮಹಲಾನಬೀಸ್ ಹೋದಾಗ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಎಂಬ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ತಾಯಂದಿರ, ನೆಂಟರ ಕೈಗೇ ಲೋಟ ಕೊಟ್ಟರು. ಅಲ್ಲಿ ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು.

ಇನ್ನು ಬಾಂಗ್ಲಾದೇಶದ ಹೆಂಗಸರ ಮಾತು. 1980ರಿಂದ 1990ರವರೆಗೆ ‘ಬ್ರ್ಯಾಕ್’ ಸಂಸ್ಥೆಯ ಕಾರ್ಯಕರ್ತೆಯರು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳಿಗೆ ನಡೆದು ಹೋದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರ ಕೈಯಲ್ಲೇ ಕಲಸಿಸಿದರು. ಆ ತಾಯಿಗೆ ನಂತರವೂ ಸರಿಯಾಗಿ ಕಲಸಲು ಬಂದರೆ ಮಾತ್ರ ಕಾರ್ಯಕರ್ತೆಗೆ ಪೂರ್ತಿ ಸಂಬಳ. ಹೇಳಿಕೊಟ್ಟದ್ದಕ್ಕಲ್ಲ, ಕಲಿತದ್ದಕ್ಕೆ ಕೂಲಿ. ಓದು ಬಾರದ ತಾಯಂದಿರು ಕರುಳಿನ ಗೋಡೆಯ ವಿಜ್ಞಾನವನ್ನು ಮೂರು ಬೆರಳಿನ ತುದಿಯಲ್ಲಿ ಇಟ್ಟುಕೊಂಡರು.

ಇದನ್ನು ಹೇಳಿದಾಗ ತಂಗಿ ಒಂದು ಮಾತು ಎತ್ತಿದಳು. “ನಮ್ಮ ಅಮ್ಮ ಭೇದಿಯಾದರೆ ಗಂಜಿತಿಳಿಗೆ ಉಪ್ಪು ಹಾಕಿ ಕೊಡ್ತಿರಲಿಲ್ವಾ? ಇದಕ್ಕೆ ಕಪ್ಪೆ ಕೊಯ್ಯಬೇಕಿತ್ತಾ?” ನಿಜ, ಕೊಡುತ್ತಿದ್ದರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಒಡೆಯುತ್ತದೆ, ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ಅಕ್ಕಿಯಿಂದ ಮಾಡಿದ ದ್ರಾವಣವನ್ನು ಕಾಲರಾಕ್ಕೆ ಕೊಟ್ಟು ಫಲ ಕಂಡದ್ದೂ ಇದೆ. ಆದರೆ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ’ ಎಂದು ಮಗುವಿನ ಬಾಯಿಗೆ ಹನಿ ನೀರನ್ನೂ ಬಿಡುತ್ತಿರಲಿಲ್ಲ. ಅದೂ ಹಿರಿಯರ ಮಾತೇ. ಅದೂ ಪ್ರೀತಿಯಿಂದ ಹೇಳಿದ್ದೇ. ಎರಡು ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದಕ್ಕೆ ಪ್ರೀತಿ ಸಾಲದು. ಏಕೆ ಎಂಬುದು ಗೊತ್ತಾಗಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಅಳತೆ ಬೇಕು ಎಂಬುದೂ ಹಾಗೆ ಗೊತ್ತಾದದ್ದೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಎಂಬುದು ಮನೆಯ ಅಳತೆ. ಒ.ಆರ್.ಎಸ್. ಪೊಟ್ಟಣ ಸಿಕ್ಕರೆ ಅದೇ ಮೇಲು.

ಹೀಗಾಗಿ ಉಪಯೋಗದ ಪ್ರಶ್ನೆಗೆ ಉಸ್ಸಿಂಗರ ಪರವಾಗಿ ಉತ್ತರ ಇಪ್ಪತ್ತು ವರ್ಷ ತಡವಾಗಿ ಬಂತು, ಬೇರೆ ದೇಶದಲ್ಲಿ ಬಂತು, ಬೇರೆಯವರ ಕೈಯಲ್ಲಿ ಬಂತು. ಹಾಗೆಂದು ಪ್ರತಿ ಸಂಶೋಧನೆಯೂ ಒಂದು ದಿನ ಮಕ್ಕಳನ್ನು ಉಳಿಸುತ್ತದೆ ಎಂದು ನಾನು ಹೇಳಲಾರೆ. ಎಷ್ಟೋ ಕೆಲಸ ಕಪಾಟಿನಲ್ಲೇ ಉಳಿಯುತ್ತದೆ. ನಾನು ಹೇಳುವುದು ಇಷ್ಟೆ: ಬಿತ್ತುವ ದಿನವೇ ಸೇರಿನಲ್ಲಿ ಅಳೆದು ತೋರಿಸು ಎನ್ನುವುದು ನ್ಯಾಯವಲ್ಲ. ಆ ದಿನ ಕೇಳಬೇಕಾದದ್ದು ಬೀಜ ಒಳ್ಳೆಯದೆ, ಬಿತ್ತುವವಳು ಶ್ರದ್ಧೆಯಿಂದ ಬಿತ್ತುತ್ತಿದ್ದಾಳೆಯೆ ಎಂದು. ಉಸ್ಸಿಂಗರ ಪ್ರಶ್ನೆ ಒಳ್ಳೆಯ ಬೀಜವಾಗಿತ್ತು, ಏಕೆಂದರೆ ಅದು ಜೀವ ಇರುವ ಎಲ್ಲದಕ್ಕೂ ಸೇರಿದ ಪ್ರಶ್ನೆ: ಒಳಗು ಹೊರಗುಗಳ ನಡುವಿನ ಹೊಸ್ತಿಲಲ್ಲಿ ಏನು ನಡೆಯುತ್ತದೆ?

ಅಪ್ಪನ ಪ್ರಶ್ನೆಗೆ ಇದು ಸಾಕು. ಮಗಳ ಪ್ರಶ್ನೆಗೆ ಸಾಲದು.

ಏಕೆಂದರೆ ಕೋಪನ್‌ಹೇಗನ್ನಿನ ಆ ಕಪ್ಪೆಗಳಿಗೆ ಇದಾವುದೂ ಗೊತ್ತಿರಲಿಲ್ಲ. ಅವು ಯಾವ ಮಗುವನ್ನೂ ಉಳಿಸಲು ಒಪ್ಪಿಕೊಂಡಿರಲಿಲ್ಲ. ಕೊಳದಲ್ಲಿ ಇದ್ದವು, ಹಿಡಿದು ತಂದರು. ಮುಂದೆ ಲಕ್ಷಾಂತರ ಮಕ್ಕಳು ಉಳಿದವು, ಆದ್ದರಿಂದ ಅದು ಸರಿ ಎಂದು ಲೆಕ್ಕ ಮುಗಿಸಿಬಿಡುವುದು ನನಗೆ ಸುಲಭದ ಮಾತಾಗಿ ಕಾಣುತ್ತದೆ. ಫಲ ಮೊದಲೇ ಗೊತ್ತಿರಲಿಲ್ಲ ಎಂದು ಈಗಷ್ಟೇ ಹೇಳಿದೆವಲ್ಲ? ಗೊತ್ತಿಲ್ಲದ ಫಲವನ್ನು ತೋರಿಸಿ ಗೊತ್ತಿರುವ ಸಾವನ್ನು ಹೇಗೆ ಸಮರ್ಥಿಸುವುದು?

ನಾನು ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ದಿನ ಅಟೆಂಡರು ಒದ್ದೆ ಗೋಣಿಚೀಲದಲ್ಲಿ ಕಪ್ಪೆಗಳನ್ನು ತರುತ್ತಿದ್ದ. ಗದ್ದೆಯ ಕಪ್ಪೆಗಳು. ತಲೆಗೊಂದು. ಕ್ಲೋರೋಫಾರಂ, ಮೇಣದ ತಟ್ಟೆ, ಗುಂಡುಪಿನ್ನು. ನನ್ನ ಪಕ್ಕದ ಟೇಬಲ್ಲಿನ ಹುಡುಗಿ ಕತ್ತರಿ ಎತ್ತಿಕೊಳ್ಳುವ ಮುನ್ನ ಕಪ್ಪೆಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಪುಸ್ತಕಕ್ಕೆ ಕಾಲು ತಾಗಿದಾಗ ನಾವೆಲ್ಲ ಮಾಡುವ ಹಾಗೆ. ಉಳಿದವರು ನಗುತ್ತಿದ್ದರು. ನಾವು ನೋಡಬೇಕಿದ್ದ ನರ, ರಕ್ತನಾಳಗಳೆಲ್ಲ ಪುಸ್ತಕದಲ್ಲಿ ಬಣ್ಣ ಬಣ್ಣವಾಗಿ ಇದ್ದವು. ಎಲ್ಲರಿಗೂ ಗೊತ್ತಿದ್ದನ್ನೇ ಮತ್ತೆ ನೋಡಲು ದೇಶದ ಎಷ್ಟೋ ಕಾಲೇಜುಗಳಲ್ಲಿ ವರ್ಷ ವರ್ಷ ಕಪ್ಪೆಗಳು ಹೀಗೆ ಸತ್ತವು. 2014ರಲ್ಲಿ ಯು.ಜಿ.ಸಿ. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಹೇಳಿತು. ಅದಕ್ಕೂ ಮೊದಲು, 1987ರಲ್ಲಿ, ಪರದೇಶದ ಊಟದ ಮೇಜಿಗೆ ಇಲ್ಲಿಂದ ಹೋಗುತ್ತಿದ್ದ ಕಪ್ಪೆ ಕಾಲಿನ ರಫ್ತನ್ನು ಸರ್ಕಾರ ನಿಷೇಧಿಸಿತ್ತು.

ಯಾರಿಗೂ ಗೊತ್ತಿಲ್ಲದ್ದನ್ನು ತಿಳಿಯಲು, ಬೇರೆ ದಾರಿಯಿಲ್ಲದಾಗ, ಎಷ್ಟು ಬೇಕೋ ಅಷ್ಟೇ ಜೀವ ತೆಗೆಯುವುದು ಒಂದು. ಅಭ್ಯಾಸಬಲದಿಂದ ತೆಗೆಯುವುದು ಇನ್ನೊಂದು. ಇವೆರಡರ ನಡುವೆ ಗೆರೆ ಎಳೆಯಬಹುದು, ಎಳೆಯಬೇಕು. ಆದರೆ ಗೆರೆಯ ಈಚೆಗಿರುವ ಸಾವೂ ಸಾವೇ. ಅದು ಸರಿಯಾಗಿಬಿಡುವುದಿಲ್ಲ, ಸಾಲವಾಗಿ ಉಳಿಯುತ್ತದೆ. ನಮ್ಮ ಹಿರಿಯರು ಋಣ ಎಂಬ ಮಾತನ್ನು ಬಳಸಿದ್ದು ಇಂಥ ಕಡೆಗಾಗಿಯೇ ಇರಬೇಕು. ದೇವಋಣ, ಪಿತೃಋಣಗಳ ಜೊತೆಗೆ ಭೂತಋಣವನ್ನೂ ಎಣಿಸಿದರು, ಸಕಲ ಪ್ರಾಣಿಗಳಿಗೆ ನಾವು ಸಲ್ಲಿಸಬೇಕಾದದ್ದು. ಋಣ ಎಂದರೆ ಪಾಪವಲ್ಲ, ಹಾಗೆಂದು ಹಕ್ಕೂ ಅಲ್ಲ. ತೆಗೆದುಕೊಂಡದ್ದನ್ನು ಒಪ್ಪಿಕೊಂಡು, ತೀರಿಸುವ ದಾರಿಯನ್ನು ಹುಡುಕುತ್ತಿರುವುದು. ಆ ಹುಡುಗಿ ಕಣ್ಣಿಗೊತ್ತಿಕೊಂಡದ್ದು ಅದನ್ನೇ. ನಮ್ಮ ಇಡೀ ತರಗತಿಯಲ್ಲಿ ಅಂದು ಲೆಕ್ಕ ಬರೆದಿಟ್ಟವಳು ಅವಳೊಬ್ಬಳೇ.

ತಂಗಿಯ ಮಗಳಿಗೆ ನಾನು ಹೇಳಿದ್ದೂ ಇಷ್ಟೇ. “ನಿನ್ನ ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲವೆಂದು ಹೆದರಬೇಡ. ನಿನ್ನ ಪ್ರಶ್ನೆಯನ್ನು ಮಾತ್ರ ಬಿಡಬೇಡ. ಅದು ನಿನ್ನನ್ನು ಕಾಡುವವರೆಗೆ ನೀನು ಹತ್ತು ಏಡಿಯಲ್ಲಿ ಆಗುವ ಕೆಲಸಕ್ಕೆ ಹನ್ನೊಂದನೆಯದನ್ನು ಮುಟ್ಟುವುದಿಲ್ಲ. ಕಾಡುವುದು ನಿಂತ ದಿನ ಕೆಲಸ ಬಿಟ್ಟುಬಿಡು.” ಅವಳು ಸೇರಿಕೊಂಡಳು. ಅವಳ ಅಪ್ಪ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟುಬಂದರಂತೆ, ಅಷ್ಟು ಸಾಕು.

ಋಣ ತೀರಿಸುವುದು ಬರೀ ಭಾವನೆಯ ಮಾತು ಎನ್ನುವವರಿಗೆ ಕೊನೆಯದಾಗಿ ಒಂದು ಸಂಗತಿ. ಕೆಲವು ದಶಕಗಳಿಂದ ಪ್ರಪಂಚದ ಹಲವೆಡೆ ಕಪ್ಪೆಗಳು ಗುಂಪುಗುಂಪಾಗಿ ಸಾಯುತ್ತಿವೆ. ಕಾರಣ, ಚರ್ಮಕ್ಕೆ ಹತ್ತುವ ಒಂದು ಶಿಲೀಂಧ್ರ, ಒಂದು ಬಗೆಯ ಬೂಷ್ಟು ಎನ್ನಿ. 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಂತೆ 501 ಜಾತಿಯ ಉಭಯಚರಗಳು ಇದರಿಂದ ಇಳಿಮುಖವಾಗಿವೆ, ಅವುಗಳಲ್ಲಿ 90 ಅಳಿದೇ ಹೋಗಿವೆ ಎಂದು ಭಾವಿಸಲಾಗಿದೆ. ಚರ್ಮದ ಮೇಲಿನ ಬೂಷ್ಟು ಕಪ್ಪೆಯನ್ನು ಹೇಗೆ ಕೊಲ್ಲುತ್ತದೆ ಎಂಬುದೇ ಬಹುಕಾಲ ಒಗಟಾಗಿತ್ತು. 2009ರಲ್ಲಿ ಜೇಮಿ ವಾಯ್ಲ್ಸ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಆಸ್ಟ್ರೇಲಿಯದ ಹಸಿರು ಮರಗಪ್ಪೆಗಳಲ್ಲಿ ಅದನ್ನು ಬಿಡಿಸಿದರು. ರೋಗ ತಗಲಿದ ಕಪ್ಪೆಯ ಚರ್ಮವನ್ನು ಉಸ್ಸಿಂಗ್ ಕೋಷ್ಠದಲ್ಲಿ ಕಟ್ಟಿ ನೋಡಿದರು. ಸೋಡಿಯಮ್ಮನ್ನು ಒಳಗೆ ಎಳೆಯುವ ಆ ದುಡಿಮೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ರಕ್ತದ ಉಪ್ಪು ಇಳಿದು, ಪೊಟ್ಯಾಸಿಯಂ ಇಳಿದು, ಕೊನೆಗೆ ಹೃದಯ ನಿಲ್ಲುತ್ತಿತ್ತು.

ಆಗ ಅವರು ಏನು ಮಾಡಿದರು ಗೊತ್ತೆ? ಸಾಯುತ್ತಿದ್ದ ಕಪ್ಪೆಗಳ ಬಾಯಿಗೆ ಲವಣದ ನೀರು ಬಿಟ್ಟರು. ಬನಗಾಂವ್‌ನ ತಾಯಂದಿರು ಮಕ್ಕಳಿಗೆ ಕುಡಿಸಿದ ಹಾಗೆ. ಮೈಚೆಲ್ಲಿ ಬಿದ್ದಿದ್ದ ಕಪ್ಪೆಗಳು ಚೇತರಿಸಿಕೊಂಡು ಸರಿಯಾಗಿ ಕೂತವು, ಒಂದು ಕಪ್ಪೆ ನೀರಿನಿಂದ ಮೇಲೆ ಹತ್ತಿ ಪಾತ್ರೆಯ ಗೋಡೆಯನ್ನು ಏರಿತು. ಅವು ಉಳಿಯಲಿಲ್ಲ. ಲವಣದ ನೀರು ಸಿಗದ ಕಪ್ಪೆಗಳಿಗೆ ಹೋಲಿಸಿದರೆ ಸರಾಸರಿ ಇಪ್ಪತ್ತು ಗಂಟೆಗೂ ಮಿಕ್ಕಿ ಹೆಚ್ಚು ಕಾಲ ಬದುಕಿದವು ಅಷ್ಟೆ. ಆದರೆ ಅವುಗಳ ಸಾವಿನ ಕಾರಣ ನಮಗೆ ತಿಳಿಯಿತು, ಉಳಿದ ಕಪ್ಪೆಗಳನ್ನು ಕಾಪಾಡುವ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದೂ ತಿಳಿಯಿತು.

ಕಪ್ಪೆ ಕೊಟ್ಟ ಅರಿವು ಅರವತ್ತು ವರ್ಷ ಸುತ್ತಿ ಒಂದು ಗುಟುಕು ಉಪ್ಪುನೀರಾಗಿ ಕಪ್ಪೆಯ ಬಾಯಿಗೆ ಮರಳಿತು. ಸಾಲ ತೀರಿತೆಂದಲ್ಲ. ಇಪ್ಪತ್ತು ಗಂಟೆಯಷ್ಟು ಬಡ್ಡಿ ಸಂದಿತು. ಅಸಲು ಇನ್ನೂ ನಮ್ಮ ಮೇಲೆಯೇ ಇದೆ.